ಮೂರು ಗಂಟೆಯ ಚುಕ್ಕಿ

ಗದಗ, ಫೆಬ್ರವರಿ ೩೦, ೨೨೩೧

ಸುರಯ್ಯಾ ನದಾಫ ಅವರಿಗೆ ನೀಲಗಂಗಾ ಮಾಡುವ ವಂದನೆಗಳು.

ತಾರೀಖು ನೋಡಿ ನಗಬೇಡಿ. ಫೆಬ್ರವರಿಗೆ ದಿನ ಕಡಿಮೆ ಕೊಟ್ಟದ್ದು ಅನ್ಯಾಯವೆಂದು ನಮ್ಮ ಹಿರಿಯರು ಸರಿಮಾಡಿದ್ದಾರೆ. ನೀವು ನನಗಿಂತ ಇನ್ನೂರು ವರ್ಷ ದೊಡ್ಡವರು. ಆದರೆ ನನ್ನ ಮುಂದಿರುವ ಕಡತದಲ್ಲಿ ನೀವಿನ್ನೂ ಬಿ.ಎಸ್ಸಿ. ಎರಡನೆಯ ವರ್ಷದ ಹುಡುಗಿ, ನನಗೋ ನಲವತ್ತೊಂದು. ಹೇಗೆ ಕರೆಯಬೇಕೋ ತಿಳಿಯದೆ ಬಹುವಚನಕ್ಕೇ ಗಂಟುಬಿದ್ದಿದ್ದೇನೆ. ಕೆಲವು ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಓಣಿಯ ತಂಪುಗಾತಿ, ಅಂದರೆ ಔಷಧಿಯ ಮಡಕೆಗಳನ್ನು ನೋಡಿಕೊಳ್ಳುವವಳು. ಫ್ರಿಜ್ ನಮ್ಮಲ್ಲಿ ಹೋಗಿ ಮೂರು ತಲೆಮಾರಾಯಿತು. ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆ, ನಡುವೆ ಒದ್ದೆ ಮರಳು, ಮೇಲೆ ಗೋಣಿ: ನೀವು ಕಾಲೇಜಿನಲ್ಲಿ ಪ್ರಯೋಗಕ್ಕೆಂದು ಮಾಡಿದ್ದನ್ನೇ ನಾವು ಮನೆಮನೆಯಲ್ಲಿ ಇಟ್ಟಿದ್ದೇವೆ. ಹೊಸ ಮಡಕೆ ಬಂದಾಗ ಒಂದು ಹಗಲು ಪೂರ್ತಿ ಗಂಟೆಗೊಮ್ಮೆ ಒಳಗಿನ ಶಾಖ ಅಳೆದು, ಅಂಕಿಗಳನ್ನು ಚಾವಡಿಯ ಗೋಡೆಗೆ ಓದಿ ಹೇಳುತ್ತೇನೆ. ಗೋಡೆಯೊಳಗಿನ ಗ್ರಾಫ್ ತಂತ್ರಾಂಶ ಚುಕ್ಕಿ ಇಟ್ಟು, ಅವಕ್ಕೆ ಒಪ್ಪುವ ಬಾಗುಗೆರೆ ಹುಡುಕಿ, ನೂರಕ್ಕೆ ಎಷ್ಟು ಒಪ್ಪಿತೆಂದು ತಿಳಿಸುತ್ತದೆ. ಒಂದು ಕಟ್ಟಳೆಯಿದೆ: ಗೆರೆಗೆ ಕೂರದ ಚುಕ್ಕಿಯನ್ನು ಅಳಿಸುವ ಮುನ್ನ ಮರುದಿನ ಅದೇ ಹೊತ್ತಿಗೆ ಅಲ್ಲೇ ನಿಂತು ಮತ್ತೆ ಅಳೆಯಬೇಕು. ಇದಕ್ಕೆ ಮರುನಿಲುವು ಎನ್ನುತ್ತೇವೆ.

ಹೋದ ವಾರ ನನ್ನ ಅಣ್ಣ ಬಸಲಿಂಗನ ಇನ್ಸುಲಿನ್ ಇಡಲು ಹೊಸ ಮಡಕೆ ಬಂತು. ಈ ಕಾಲದ ಇನ್ಸುಲಿನ್ ಇಪ್ಪತ್ತಾರು ಡಿಗ್ರಿ ದಾಟದಿದ್ದರೆ ಆರು ತಿಂಗಳು ತಡೆಯುತ್ತದೆ. ಅದು ಕೆಟ್ಟರೆ ಮುಂದಿನ ಸರಕು ಬರುವತನಕ ಅಣ್ಣ ಉಳಿಯುವುದಿಲ್ಲ. ನಾನು ಅಳೆದೆ. ಚುಕ್ಕಿಗಳೆಲ್ಲ ಸರದಿಯಲ್ಲಿ ಇಳಿದು ಇಪ್ಪತ್ತನಾಲ್ಕರ ಹತ್ತಿರ ನಿಂತವು. ಮಧ್ಯಾಹ್ನ ಮೂರರದ್ದು ಮಾತ್ರ ಇಪ್ಪತ್ತೊಂಬತ್ತಕ್ಕೆ ಜಿಗಿದಿತ್ತು. ಯಾರೋ ಮುಚ್ಚಳ ತೆರೆದಿರಬೇಕೆಂದು ನಾನೇ ಹೇಳಿಕೊಂಡು, ಮರುನಿಲುವಿಗೆ ಸೋಮಾರಿತನವಾಗಿ, ಅಳಿಸಿಬಿಟ್ಟೆ. ಒಪ್ಪಿಗೆ ಎಪ್ಪತ್ತರಿಂದ ತೊಂಬತ್ತೊಂಬತ್ತಕ್ಕೇರಿತು. ನನಗೆ ಹಿಗ್ಗೋ ಹಿಗ್ಗು. ನನ್ನ ಗೆರೆ ಎಷ್ಟು ಚಂದವೆಂದು ಮೆರೆಯಲು ಹಳೆಯ ಕಡತಗಳ ಭಂಡಾರದಿಂದ ಇಂಥದೇ ಮಡಕೆಯ ಗ್ರಾಫ್ ಒಂದನ್ನು ತೆಗೆದು ಪಕ್ಕಕ್ಕಿಟ್ಟೆ. ಅದು ನಿಮ್ಮದು.

ನಿಮ್ಮ ಗೆರೆ ನನ್ನದರಂತೆಯೇ ಇಳಿದಿತ್ತು. ಮೂರು ಗಂಟೆಗೆ ಒಂದು ಚುಕ್ಕಿ ಮೇಲೆ ಒಂಟಿಯಾಗಿ ಕೂತಿತ್ತು. ಕೆಳಗೆ ನೀವು ಬರೆದಿದ್ದಿರಿ: “ಇದು ಗೆರೆಗೆ ಕೂರುತ್ತಿಲ್ಲ. ಕಾರಣ ತಿಳಿಯಲಿಲ್ಲ. ಅಳೆದದ್ದು ನಾನೇ, ಹಾಗಾಗಿ ತೆಗೆಯುವುದಿಲ್ಲ.” ನಾನು ಅಳಿಸಿದ್ದೂ ಮೂರರ ಚುಕ್ಕಿಯನ್ನೇ.

ಮರುದಿನ ಮಡಕೆ ಮಾಡಿಕೊಟ್ಟ ಚನ್ನವ್ವಜ್ಜಿಯನ್ನು ಕರೆದುಕೊಂಡು ಮೂರಕ್ಕೆ ಸರಿಯಾಗಿ ನಿಂತೆ. ಮತ್ತೆ ಇಪ್ಪತ್ತೊಂಬತ್ತು! ಅಜ್ಜಿ ಮರಳಿನೊಳಗೆ ಬೆರಳು ತೂರಿಸಿದಳು. “ಮ್ಯಾಲೆ ಹಸಿ ಐತಿ, ಒಳಗ ಒಣಗಿ ಹೋಗೇತಿ ನೋಡವಾ. ಚುಕ್ಕಿ ಖರೇನ ಹೇಳಿತ್ತು, ಸುಳ್ಳ ಹೇಳಿದಾಕಿ ನೀನ,” ಎಂದಳು. ನಾವು ಮರಳಿಗೆ ನೀರು ಹಾಕುವುದು ಮೂರೂವರೆಗೆ, ಆದ್ದರಿಂದ ನಾಲ್ಕರ ಹೊತ್ತಿಗೆ ಎಲ್ಲ ಸರಿಯಾಗಿ ಕಾಣುತ್ತಿತ್ತು. ಮತ್ತೆ ಅಳೆಯದಿದ್ದರೆ ದಿನಾ ಆ ಒಂದು ಗಂಟೆ ಔಷಧಿ ಬಿಸಿಯಾಗುತ್ತಾ ಹೋಗುತ್ತಿತ್ತು, ನನ್ನ ಚಂದದ ಗೆರೆಯ ಕೆಳಗೆ. ನೆನೆದರೆ ಈಗಲೂ ನಾಚಿಕೆ. ಈಗ ಎರಡಕ್ಕೇ ನೀರು ಹಾಕುತ್ತೇವೆ.

ನಿಮ್ಮ ಕಡತದ ಕೊನೆಯಲ್ಲಿ ಮೇಷ್ಟರ ಷರಾ ಇದೆ: “ಗೆರೆ ಹೊಂದಿಲ್ಲ, ಎರಡು ಅಂಕ ಕಡಿತ.” ಅಂದು ನೀವು ಅತ್ತಿರಬಹುದು. ಈ ಪತ್ರ ನಿಮಗೆ ತಲುಪದು, ಗೊತ್ತು. ಆದರೂ ನಿಮ್ಮ ಕಾಲದಲ್ಲಿ ಯಾರಾದರೂ ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಕೂತಿದ್ದರೆ, ಒಂದು ದಿನ ತಡೆಯಲು ಹೇಳಿ.

ಅಣ್ಣ ಇವತ್ತು ಬೆಳಿಗ್ಗೆ ಸೂಜಿ ಚುಚ್ಚಿಕೊಂಡು, ರೊಟ್ಟಿ ಗಟ್ಟಿಯಾಗಿದೆಯೆಂದು ನನ್ನ ಮೇಲೆ ರೇಗಿ, ಕೆಲಸಕ್ಕೆ ಹೋದ. ಅಷ್ಟನ್ನು ನಿಮಗೆ ತಿಳಿಸಬೇಕಿತ್ತು.

ನಿಮ್ಮ ಋಣದಲ್ಲಿರುವ
ನೀಲಗಂಗಾ