ನನ್ನ ಹೆಸರಿಗೆ ಬಂದ ಬಂದೂಕು

ತಿಳವಳ್ಳಿ,
ತಾ. ೧೪-೮-೧೯೩೮

ಪ್ರೀತಿಯ ಅಕ್ಕ ಸರೋಜವ್ವನಿಗೆ ತಂಗಿ ವೀರವ್ವ ಮಾಡುವ ಶರಣಾರ್ಥಿಗಳು.

ನಿನ್ನ ಎರಡೂ ಪತ್ರ ಮುಟ್ಟಿದವು. ಒಂದಕ್ಕೂ ಉತ್ತರ ಬರಲಿಲ್ಲವೆಂದು ಸಿಟ್ಟಾಗಿರುತ್ತೀ. ಮಳೆ ಬಿಡುವು ಕೊಟ್ಟಾಗಲೆಲ್ಲ ಭತ್ತದ ಕಳೆ ತೆಗೆಸುತ್ತಿದ್ದೆ, ಮನೆಗೆ ಬಂದರೆ ಬೆರಳು ಮಡಚಲು ಆಗುತ್ತಿರಲಿಲ್ಲ. ಹಿರೇಕೆರೂರಿನ ಕಡೆ ಹತ್ತಿ ಚೆನ್ನಾಗಿ ಎದ್ದಿದೆ ಎಂದು ಬರೆದಿದ್ದೀ, ಸಂತೋಷ. ಭಾವನವರ ಮೊಣಕಾಲು ನೋವು ಈಗ ಹೇಗಿದೆ? ಅಪ್ಪ ನಮ್ಮಿಬ್ಬರಿಗೂ ಅಕ್ಷರ ಕಲಿಸಿದ್ದು ಎಷ್ಟು ಒಳ್ಳೆಯದಾಯಿತು ನೋಡು. ಇನ್ನೊಬ್ಬರ ಕೈಯಿಂದ ಬರೆಸುವಂತಿದ್ದರೆ ಇವತ್ತಿನ ಮಾತನ್ನು ನಾನು ಹೊಟ್ಟೆಯಲ್ಲೇ ಇಟ್ಟುಕೊಳ್ಳಬೇಕಾಗುತ್ತಿತ್ತು.

ನಮ್ಮವರು ಹೋದ ಸೋಮವಾರ ಸವಣೂರಿನಿಂದ ಬಂದಿದ್ದರು. ಹಾಲವ್ವನನ್ನು ಮದುವೆಯಾದ ಮೇಲೆ ಅವರ ಬರುವಿಕೆ ನೆಂಟರ ಬರುವಿಕೆಯಂತಾಗಿದೆ ಎಂಬುದು ನಿನಗೆ ಗೊತ್ತಿದ್ದದ್ದೇ. ಅವಳಪ್ಪನ ಜೊತೆ ಹತ್ತಿ ವ್ಯಾಪಾರ, ಅಲ್ಲೇ ಮನೆ, ಈಗ ಗಂಡು ಕೂಸು ಬೇರೆ. ನನಗೊಂದು ಸೀರೆ ತಂದಿದ್ದರು. ಬಣ್ಣ ಚೆನ್ನಾಗಿತ್ತು. "ಹಾಲವ್ವನೇ ಆರಿಸಿದ್ಲು" ಎಂದರು. ಅದನ್ನು ಇನ್ನೂ ಉಟ್ಟಿಲ್ಲ. ಊಟಕ್ಕೆ ಕೂತಾಗ ಅವರ ಅಂಗಿಯ ಗುಂಡಿ ಕಣ್ಣಿಗೆ ಬಿತ್ತು, ಹಾಲವ್ವ ಬೇರೆ ಬಣ್ಣದ ದಾರದಲ್ಲಿ ಹೊಲಿದದ್ದು. ಒರಟಾಗಿ ಹೊಲಿದಿದ್ದರೆ ಸಮಾಧಾನವಾಗುತ್ತಿತ್ತೇನೋ. ಬಹಳ ನೀಟಾಗಿ ಹೊಲಿದಿದ್ದಳು.

ಊಟವಾದ ಮೇಲೆ ಎದ್ದು, ಗೋಡೆಯ ಮೇಲಿದ್ದ ಬಂದೂಕು ಇಳಿಸಿದರು. ನಳಿಗೆಯನ್ನು ಪಂಚೆಯ ತುದಿಯಿಂದ ಒರೆಸುತ್ತ ಹೇಳಿದರು.

"ಇದನ್ನ ಸವಣೂರಿಗೆ ಒಯ್ತೇನಿ. ಹಾಲವ್ವನ ಅಣ್ಣ ಫಕ್ಕೀರಪ್ಪ ಕೇಳಾಕತ್ತಾನ. ಅವನ ಹೆಸರಿಗೆ ವರ್ಗಾ ಮಾಡಿ ಕೊಡಬೇಕು."

"ಇಲ್ಲಿ ಹಂದಿ ಬಂದ್ರ?" ಎಂದೆ.

"ಡಬ್ಬಿ ಬಾರಿಸಾಕ ಆಳು ಇಡು" ಎಂದರು.

ಅಕ್ಕಾ, ಈ ಬಂದೂಕು ನಮ್ಮ ಮಾವನವರ ಕಾಲದ್ದು. ಸವಣೂರಿನ ಮಕ್ತುಮಸಾಬನ ಅಪ್ಪ ಮಾಡಿದ್ದು. ಹೊಸ ಬಂದೂಕು ಮಾಡಲಿಕ್ಕೆ, ಹಳೆಯದನ್ನು ರಿಪೇರಿ ಮಾಡಲಿಕ್ಕೆ ಆ ಮನೆಯವರಿಗೆ ಪರವಾನಗಿ ಇದೆ. ನಾನು ಈ ಮನೆಗೆ ಬಂದ ಹೊಸತರಲ್ಲಿ ನಮ್ಮವರು ನನಗೆ ಈಡು ಹೊಡೆಯುವುದನ್ನು ಕಲಿಸಿದರು. ನನ್ನ ಕೈ ಗಿಡ್ಡ, ಹೆಗಲಿಗೆ ಆನಿಸುವ ಕಟ್ಟಿಗೆ ಉದ್ದವಾಗುತ್ತಿತ್ತು. ಮಕ್ತುಮಸಾಬನನ್ನು ಕರೆಸಿ ನನ್ನ ಅಳತೆಗೆ ಅದನ್ನು ಕೊಯ್ಯಿಸಿದರು. ಬೇರೆ ಹೆಂಗಸರಿಗೆ ಗಂಡಂದಿರು ಸೊಂಟಕ್ಕೆ ಡಾಬು ಮಾಡಿಸುತ್ತಾರೆ, ನನಗಾಗಿ ಅವರು ಮಾಡಿಸಿದ್ದು ಇದೊಂದನ್ನೇ. ಅವರು ಸವಣೂರಿಗೆ ಹೋದ ಮೇಲೆ ಹೊಲದ ಅಟ್ಟದ ಮೇಲೆ ಕೂತು ಹಂದಿ ಕಾದವಳು ನಾನು. ಗಂಡನನ್ನು ಹಂಚಿಕೊಂಡೆ. ಕೂಸು ಹುಟ್ಟಿದಾಗ ಸಕ್ಕರೆ ಹಂಚಿದೆ. ಹಬ್ಬಕ್ಕೆ ಅವರು ಅಲ್ಲಿ ಉಂಡರೆ ಇಲ್ಲಿ ನಾನೊಬ್ಬಳೇ ಹೋಳಿಗೆ ಮಾಡಿ ಆಳುಗಳಿಗೆ ಬಡಿಸಿದೆ. ಈ ಬಂದೂಕು ಅವಳ ಗೋಡೆಗೆ ಹೋಗುತ್ತದೆ ಎಂದಾಗ ಮಾತ್ರ ನನ್ನಿಂದ ತಾಳಲಾಗಲಿಲ್ಲ.

ವರ್ಗಾ ಆಗುವ ತನಕ ಬಂದೂಕು ಇಲ್ಲೇ ಇರಲಿ ಎಂದು ಹೇಳಿ ಅವರು ಅತ್ತ ಹೋದರು, ನಾನು ಇತ್ತ ಚಕ್ಕಡಿ ಕಟ್ಟಿಸಿಕೊಂಡು ಹಾನಗಲ್ಲಿಗೆ ಹೋದೆ. ಮಾಮಲೇದಾರ ಕಚೇರಿಯಲ್ಲಿ ಕಾರಕೂನ ಕರಬಸಪ್ಪ ಇದ್ದಾನಲ್ಲ, ನಮ್ಮ ಅವ್ವನ ತವರೂರಿನವನು, ಅವನನ್ನು ಕಂಡು ಎಲ್ಲ ಕೇಳಿದೆ. ಲಾಯಸನ್ಸು ಇರುವುದು ಮನುಷ್ಯನ ಹೆಸರಿಗೆ, ಮನೆತನಕ್ಕಲ್ಲವಂತೆ. ನಮ್ಮ ಬಂದೂಕು ತಿಳವಳ್ಳಿಯ ಹೊಲದ ಬೆಳೆ ಕಾಯಲಿಕ್ಕೆಂದು ಕೊಟ್ಟದ್ದು. ಬೇರೊಬ್ಬರಿಗೆ ಕೊಡಬೇಕಾದರೆ ಆ ಮನುಷ್ಯನ ಹೆಸರಿಗೆ ಮೊದಲು ಲಾಯಸನ್ಸು ಆಗಬೇಕು. ಸವಣೂರು ನವಾಬರ ಸಂಸ್ಥಾನ, ನಮ್ಮದು ಇಂಗ್ಲೀಷರ ಮುಲುಕು. ಹೀಗಾಗಿ ಸೀಮೆ ದಾಟಿಸಲಿಕ್ಕೆ ಧಾರವಾಡದಿಂದ ಮತ್ತೊಂದು ಅಪ್ಪಣೆ ಬೇಕು. ಅದಕ್ಕೂ ಮುಂಚೆ ಪೊಲೀಸ ಠಾಣೆಯ ಫೌಜದಾರರು ಬಂದು ಎಲ್ಲರನ್ನೂ ವಿಚಾರಿಸಿ ಚೌಕಶಿ ಮಾಡಿ, ನಳಿಗೆಯ ಮೇಲೆ ಕೊರೆದ ನಂಬರು ತಾಳೆ ನೋಡಬೇಕು.

"ಹೆಣ್ಣುಮಕ್ಕಳ ಹೆಸರಿಗೆ ಲಾಯಸನ್ಸ ಆಗತೈತೇನಪಾ?" ಎಂದೆ.

"ಆಗಬಾರದು ಅಂತ ಎಲ್ಲೂ ಬರದಿಲ್ಲರಿ ಅಕ್ಕಾರ. ಈ ಕಚೇರ್ಯಾಗ ಯಾರೂ ಕೇಳಿಲ್ಲ, ಅಷ್ಟ."

ನನ್ನ ಮುಖ ಅರಳಿದ್ದನ್ನು ಕಂಡು ಅವನು ನಗುತ್ತ, "ಅಲ್ರಿ, ಸಾಹುಕಾರ್ರು ಸವಣೂರಾಗ ಇರ್ತಾರ. ಇಲ್ಲಿ ಹಂದಿಗೆ ಈಡ ಹೊಡಿಯೋರು ಯಾರ್ರಿ?" ಎಂದು ಕೇಳಿದ.

"ನಾನ" ಎಂದೆ.

ಅವನ ನಗು ಅಲ್ಲೇ ನಿಂತಿತು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಈ ಮಾತು ಇನ್ನೊಬ್ಬರ ಮುಂದ ಅನಬ್ಯಾಡ್ರಿ. ಲಾಯಸನ್ಸಿನ್ಯಾಗ ಹೆಸರಿಲ್ಲದವರು ಹೊಡದ್ರ ಗುನ್ಹೆ. ನಿಮ್ಮ ಮ್ಯಾಲೂ ಕೇಸು, ಕೊಟ್ಟವರ ಮ್ಯಾಲೂ ಕೇಸು. ಬಂದೂಕ ಜಪ್ತಿ ಆಗತೈತಿ."

ಅಂದರೆ ನೋಡು ಅಕ್ಕಾ, ನಾನು ಒಂದು ಮಾತು ಬಾಯಿ ಬಿಟ್ಟರೆ ಸಾಕು, ಆ ಬಂದೂಕು ಹಾಲವ್ವನ ಗೋಡೆಯನ್ನು ಎಂದೂ ಕಾಣುವುದಿಲ್ಲ. ಹಾನಗಲ್ಲಿನಿಂದ ಬರುವಾಗ ದಾರಿಯುದ್ದಕ್ಕೂ ಆ ಮಾತನ್ನು ನಾಲಿಗೆಯ ಮೇಲೆ ಹೊರಳಿಸುತ್ತ ಬಂದೆ. ರುಚಿಯಾಗಿತ್ತು ಎಂದರೆ ಬೈಯಬೇಡ. ಏನು ಮಾಡಲಿ, ಬೇಗ ಬರೆ.

ಮಕ್ಕಳಿಗೆ ನನ್ನ ಆಶೀರ್ವಾದ.

ನಿನ್ನ ತಂಗಿ
ವೀರವ್ವ

ತಿಳವಳ್ಳಿ,
ತಾ. ೬-೨-೧೯೩೯

ಪ್ರೀತಿಯ ಅಕ್ಕನಿಗೆ ವೀರವ್ವನ ಶರಣಾರ್ಥಿಗಳು.

ಸುಗ್ಗಿ ಮುಗಿಯುವ ತನಕ ಕಾಗದ ಹಿಡಿಯಲಾಗಲಿಲ್ಲ, ತಪ್ಪು ತಿಳಿಯಬೇಡ. ಭತ್ತ ಕಣಜಕ್ಕೆ ಬಿತ್ತು. ನೀನು ಕಳಿಸಿದ ಸಂಡಿಗೆ ಬಂದವು, ಅರ್ಧ ಆಗಲೇ ಮುಗಿದಿವೆ.

"ಗಂಡನ್ನ ಜೇಲಿಗೆ ಕಳಿಸಿ ಬಂದೂಕ ಕಸಗೊಂಡ್ರ ನಿನ್ನ ಕೈಗೆ ಏನ ಬಂತು? ಬಾಯಿ ಮುಚ್ಚಿಕೊಂಡು ಅರ್ಜಿ ಹಾಕು" ಎಂದು ನೀನು ಬರೆದಿದ್ದೆಯಲ್ಲ, ಹಾಗೇ ಮಾಡಿದೆ. ಕರಬಸಪ್ಪನ ಕೈಯಿಂದ ಬರೆಸಿ, ಸ್ಟಾಂಪು ಹಚ್ಚಿ, ಕೆಳಗೆ ನಾನೇ ಸಹಿ ಮಾಡಿದೆ. ನಮ್ಮವರಿಗೆ ಹೇಳಲಿಲ್ಲ. ಅವರು ಫಕ್ಕೀರಪ್ಪನ ಪರವಾಗಿ ತಮ್ಮ ಅರ್ಜಿ ಹಾಕಿದರು.

ದೀಪಾವಳಿ ಆದ ಮೇಲೆ ಚೌಕಶಿಗೆ ದಿನ ಗೊತ್ತಾಯಿತು. ನಮ್ಮವರು ಫಕ್ಕೀರಪ್ಪನ ಜೊತೆ ಬಂದರು. ಚಕ್ಕಡಿಯಿಂದ ಹಾಲವ್ವನೂ ಕೂಸನ್ನು ಎತ್ತಿಕೊಂಡು ಇಳಿದಳು. ನಾನು ಕಾಲಿಗೆ ನೀರು ಕೊಟ್ಟೆ. ಅಡುಗೆಗೆ ಕೂತಾಗ ನಮ್ಮವರು ಹೊಸಲಿನ ಹತ್ತಿರ ಬಂದು, "ಖಾರ ಸ್ವಲ್ಪ ಕಡಿಮಿ ಹಾಕು, ಆಕಿಗೆ ಆಗಂಗಿಲ್ಲ" ಎಂದರು. ನನಗೆ ಏನಾಗುತ್ತದೆ ಏನಾಗುವುದಿಲ್ಲ ಎಂದು ಅವರು ಯಾವತ್ತಾದರೂ ಯಾರಿಗಾದರೂ ಹೇಳಿದ್ದರೇ ಎಂದು ನೆನಪು ಮಾಡಿಕೊಳ್ಳುತ್ತ ರೊಟ್ಟಿ ಬಡಿದೆ. ಒಂದು ರೊಟ್ಟಿ ಹರಿಯಿತು.

ಗಂಡಸರು ಊರೊಳಗೆ ಹೋದ ಮೇಲೆ ಹಾಲವ್ವ ಒಲೆಯ ಹತ್ತಿರ ಬಂದು ಕೂತಳು. ಕೂಸು ನನ್ನ ಬಳೆ ಹಿಡಿದು ಎಳೆಯುತ್ತಿತ್ತು. ಅದಕ್ಕೆ ನಮ್ಮವರದೇ ಕಿವಿ, ಅಕ್ಕಾ.

"ಅಕ್ಕಾರ, ನನ್ನ ಮ್ಯಾಲ ಸಿಟ್ಟೇನ್ರಿ?" ಎಂದಳು.

"ಬಂದೂಕ ತಗೊಂಡು ನೀ ಏನ ಮಾಡ್ತಿ?" ಎಂದೆ.

"ನನಗ ಅದರ ಸಪ್ಪಳಾ ಕೇಳಿದ್ರ ಎದಿ ಹೊಡಕೊಂತೈತ್ರಿ."

"ಮತ್ತ?"

ಅವಳು ಕೂಸನ್ನು ತನ್ನ ಕಡೆ ಎಳೆದುಕೊಂಡಳು. ಆಮೇಲೆ ಒಮ್ಮೆಲೇ ಅಳುತ್ತ ಹೇಳಿದಳು. "ದಿನಾ ನಿಮ್ಮ ಸುದ್ದೀನರಿ. ನಮ್ಮ ಅಂಗಡಿಗೆ ಯಾರ ಬಂದ್ರೂ ಇವರದು ಅದ ಮಾತು. ವೀರವ್ವ ಓಡೋ ಹಂದಿ ಕೆಡವತಾಳ, ವೀರವ್ವನಂಥಾ ಕೈ ಗಂಡಸರಿಗೂ ಇಲ್ಲ. ನಾ ಏನ ಅಡಗಿ ಮಾಡಿದ್ರೂ, ಏನ ಉಟ್ರೂ ಅವರ ಬಾಯಾಗ ಅಂಥಾ ಮಾತು ಬರಲಿಲ್ಲ. ಆ ಬಂದೂಕ ನಿಮ್ಮ ಕೈಯಾಗ ಇರಬಾರದು ಅಂತ ಅಣ್ಣಗ ನಾನ ಹೇಳಿದೆ."

ನಾನು ಅವಳನ್ನು ಸಮಾಧಾನ ಮಾಡಬೇಕಾಗಿತ್ತು. ಮಾಡಲಿಲ್ಲ. ಒಲೆಗೆ ಕಟ್ಟಿಗೆ ಸರಿಸುವ ನೆವದಲ್ಲಿ ಮುಖ ತಿರುಗಿಸಿಕೊಂಡೆ, ಏಕೆಂದರೆ ನನಗೆ ನಗು ಬರುತ್ತಿತ್ತು. ಹೋದ ಮಳೆಗಾಲದಿಂದ ಅವಳು ಆರಿಸಿದ ಸೀರೆ, ಅವಳ ಕೂಸು, ಅವಳ ಗುಂಡಿಯ ಹೊಲಿಗೆ ಎಂದು ನಾನು ಬೇಯುತ್ತಿದ್ದರೆ ಅಲ್ಲಿ ಅವಳು ನನ್ನ ಸಲುವಾಗಿ ಬೇಯುತ್ತಿದ್ದಳು! ಆ ದಿನ ಅವಳಿಗೆ ನನ್ನ ಕೈಯಾರೆ ತುಪ್ಪ ಬಡಿಸಿದೆ.

ಮರುದಿನ ಮುಂಜಾನೆ ಚಾವಡಿಯಲ್ಲಿ ಚೌಕಶಿ. ಊರ ಪಂಚರು ಕೂತಿದ್ದರು. ನಂಬರು ಗುರುತಿಸಲಿಕ್ಕೆ ಮಕ್ತುಮಸಾಬನನ್ನೂ ಕರೆಸಿದ್ದರು. ಫೌಜದಾರರು ಮೊದಲು ನಮ್ಮವರ ಹೇಳಿಕೆ ಬರೆಸಿಕೊಂಡರು. ಆಮೇಲೆ, "ಒಂದ ಬಂದೂಕಿಗೆ ಎರಡ ಅರ್ಜಿ ಅದಾವ. ವೀರವ್ವ ಯಾರು?" ಎಂದರು. ನಮ್ಮವರು ತಿರುಗಿ ನನ್ನನ್ನು ನೋಡಿದರು. ನಾನು ಸೆರಗು ಸರಿಮಾಡಿಕೊಂಡು ಎದ್ದು ನಿಂತೆ.

ಫೌಜದಾರರು ಬಂದೂಕನ್ನು ಫಕ್ಕೀರಪ್ಪನ ಕೈಗೆ ಕೊಟ್ಟು ಹೆಗಲಿಗೆ ಇಡಲು ಹೇಳಿದರು. ಆರಡಿ ಆಳು ಅವನು. ಮೊಣಕೈ ಮಡಚಿ ಮಡಚಿ ಒದ್ದಾಡಿದ, ಕಟ್ಟಿಗೆ ಅವನ ಎದೆಯಲ್ಲೇ ಹೂತುಹೋಯಿತು. ಪಂಚರು ನಕ್ಕರು. ಫೌಜದಾರರು ನಗಲಿಲ್ಲ.

"ಇದನ್ನ ಗಿಡ್ಡ ಕೊಯ್ದಾರ. ಯಾರ ಅಳತೀಗೆ ಕೊಯ್ದದ್ದು ಸಾಬ್ರ?"

ಮಕ್ತುಮಸಾಬ ಒಂದು ಸಲ ನನ್ನ ಕಡೆ ನೋಡಿದ. ತಪ್ಪಿ ಮಾತಾಡಿದರೆ ಅವನ ಕಸುಬಿನ ಪರವಾನಗಿಗೂ ಕುತ್ತು. "ಕಟ್ಟಿಗಿ ಸೀಳಿತ್ರಿ ಹುಜೂರ. ಸೀಳಿದ್ದಷ್ಟು ತಗದೇನ್ರಿ" ಎಂದ.

ಆಗ ಫೌಜದಾರರು ನೇರ ನನ್ನನ್ನೇ ಕೇಳಿದರು. "ಅವ್ವಾ, ನೀವು ಇದನ್ನ ಯಾವಾಗರೆ ಕೈಯಾಗ ಹಿಡದೀರೇನು?"

ನಾನು ಕೊಂದ ಹಂದಿಯನ್ನು ಕಣ್ಣಾರೆ ಕಂಡವರೇ ಅಲ್ಲಿ ಕೂತಿದ್ದರು. ನಮ್ಮವರ ಹಣೆಯ ಮೇಲೆ ಬೆವರು ಮೂಡಿತ್ತು. ಒಂದು ಮಾತು ಸಾಕಾಗಿತ್ತು ಅಕ್ಕಾ. ಅವರ ಮುಖ ನೋಡಿದೆ. ಇಷ್ಟು ವರ್ಷದಲ್ಲಿ ಅವರು ನನ್ನ ಮಾತಿಗಾಗಿ ಹೀಗೆ ಕಾದದ್ದೇ ಇಲ್ಲ.

"ಧೂಳ ಹೊಡದು, ಎಣ್ಣಿ ಹಚ್ಚಿ ಇಟ್ಟೇನ್ರಿ. ಹೊಲಾ ಮಾಡೋದು ನಾನ. ಹಂದಿ ಬರೋದು ನನ್ನ ಹೊಲಕ್ಕ. ಅದಕ್ಕ ಕೇಳೇನ್ರಿ" ಎಂದೆ.

ಫೌಜದಾರರು ನನ್ನನ್ನು ದಿಟ್ಟಿಸಿ ನೋಡಿ ಬರೆದುಕೊಂಡರು. ಬಂದೂಕನ್ನು ಹಾನಗಲ್ಲ ಠಾಣೆಗೆ ಒಯ್ದರು. ಮನೆಗೆ ಬಂದ ಮೇಲೆ ನಮ್ಮವರು, "ನನಗ ಒಂದ ಮಾತು ಹೇಳಬಾರದಿತ್ತೇನು?" ಎಂದರು. "ನೀವು ನನ್ನ ಕೇಳಿ ಒಯ್ಯಾಕ ಹೊಂಟಿದ್ರೇನು?" ಎಂದೆ. ಊಟ ಮಾಡದೇ ಸವಣೂರಿಗೆ ಹೊರಟುಬಿಟ್ಟರು. ಹಾಲವ್ವ ಚಕ್ಕಡಿ ಹತ್ತುವಾಗ ಕೂಸಿನ ಕೈಯಿಂದ ನನಗೆ ಶರಣು ಮಾಡಿಸಿದಳು.

ಈಗ ಮುಖ್ಯ ಸುದ್ದಿ ಕೇಳು. ಹೋದ ವಾರ ಕರಬಸಪ್ಪ ಹೇಳಿಕಳಿಸಿದ. ಫಕ್ಕೀರಪ್ಪನ ಅರ್ಜಿ ಬಿದ್ದುಹೋಯಿತು. ಬೆಳೆ ಕಾಯುವ ಬಂದೂಕು ಹತ್ತಿ ವ್ಯಾಪಾರದವನಿಗೆ ಏಕೆ ಎಂದು ಮಾಮಲೇದಾರರು ಬರೆದರಂತೆ. ನನ್ನದಕ್ಕೆ ಅವರೇ ಶಿಫಾರಸು ಮಾಡಿದರು, ಧಾರವಾಡದಿಂದ ಮಂಜೂರಾಗಿ ಬಂತು. ಠಾಣೆಗೆ ಹೋಗಿ ಬಂದೂಕು ಬಿಡಿಸಿಕೊಂಡು ಬಂದೆ. ಲಾಯಸನ್ಸಿನಲ್ಲಿ ನನ್ನ ಹೆಸರು ಇದೆ. ಇನ್ನು ಮೇಲೆ ನಾನು ಈಡು ಹೊಡೆದರೆ ಕಳ್ಳತನವಲ್ಲ. ನಿನ್ನ ತಂಗಿಯ ಬಗ್ಗೆ ಭಾವನವರಿಗೆ ಧಾರಾಳವಾಗಿ ಹೇಳಿಕೋ.

ಮಕ್ಕಳು ಚೆನ್ನಾಗಿ ಓದಿ ಊರಿಗೆ ಬೇಕಾದವರಾಗಲಿ. ನಿನ್ನ ಮನೆ ತುಂಬಿರಲಿ.

ನಿನ್ನ
ವೀರವ್ವ

ತಾ.ಕ. ಪತ್ರವನ್ನು ಮಡಚಿಟ್ಟಿದ್ದೆ, ಮತ್ತೆ ಬಿಚ್ಚಿದ್ದೇನೆ. ಇಲ್ಲಿಂದ ಮುಂದಿನದನ್ನು ಭಾವನವರಿಗೆ ಓದಬೇಡ. ಚಾವಡಿಯಲ್ಲಿ ನಮ್ಮವರ ಹೇಳಿಕೆ ಮೊದಲು ಆಯಿತು ಎಂದೆನಲ್ಲ, ಅದರಲ್ಲಿ ಏನಿತ್ತೆಂದು ಬರೆಯಲಿಲ್ಲ. ತಾವು ಸವಣೂರಿನವರೇ ಎಂದು ತೋರಿಸಿದರೆ ಬಂದೂಕು ಅತ್ತ ಒಯ್ಯಲು ಸುಲಭವಾಗುತ್ತದೆ ಎಂದು ಅವರಿಗೆ ಯಾರೋ ಹೇಳಿದ್ದರಂತೆ. ಫೌಜದಾರರು, "ನಿಮ್ಮ ಸಂಸಾರ ಎಲ್ಲೈತಿ?" ಎಂದು ಕೇಳಿದರು. "ಸವಣೂರಾಗ್ರಿ. ಹೆಂಡತಿ, ಮಗ ಅಲ್ಲೇ ಅದಾರ್ರಿ" ಎಂದರು. "ಮತ್ತ ಇಲ್ಲಿರಾಕಿ?" "ಆಕಿಗೂ ನನಗೂ ಈಗ ಸಂಬಂಧ ಇಲ್ಲರಿ. ಹೊಲಾ ಮಾಡ್ಕೊಂಡು ಬ್ಯಾರೆ ಇರ್ತಾಳ್ರಿ." ಪಂಚರೆಲ್ಲ ಕೇಳುವಂತೆ ಓದಿ ಹೇಳಿ ಸಹಿ ಮಾಡಿಸಿಕೊಂಡರು. ನಾನು ಪಕ್ಕದಲ್ಲೇ ಕೂತಿದ್ದೆ. ಗಂಡನನ್ನು ಬಿಟ್ಟು ಬೇರೆ ಇದ್ದು ಉಳುವವಳು ಎಂದೇ ನನಗೆ ಲಾಯಸನ್ಸು ಸಿಕ್ಕಿದ್ದು, ಆ ಹೇಳಿಕೆ ಇಲ್ಲದಿದ್ದರೆ ಆಗುತ್ತಿರಲಿಲ್ಲ ಎಂದು ಕರಬಸಪ್ಪ ನೆಲ ನೋಡುತ್ತ ಹೇಳಿದ. "ಬರೇ ಕಾಗದಕ್ಕ ಹೇಳಿದ್ದು, ಮನಸಿನ್ಯಾಗಿಂದಲ್ಲ" ಎಂದು ನಮ್ಮವರು ಆಮೇಲೆ ಹೇಳಿಕಳಿಸಿದ್ದಾರೆ. ಇರಬಹುದು. ಆದರೆ ಅಕ್ಕಾ, ಬರೀ ಕಾಗದಕ್ಕಾಗಿಯಾದರೂ ಹಾಲವ್ವನ ಬಗ್ಗೆ ಆ ಮಾತು ಅವರ ಬಾಯಿಂದ ಹೊರಡುತ್ತಿತ್ತೇ?