ಪುಸ್ತಕಕ್ಕೆ ಶೀತವಾಗಬಾರದು

ಬ್ರಹ್ಮಾವರ
೯ ಮೇ ೧೯೪೮, ಭಾನುವಾರ

ಚಿರಂಜೀವಿ ಸರಸಳಿಗೆ, ನಿನ್ನ ಚಂದಯ್ಯ ಮಾವನ ತುಂಬು ಮನಸ್ಸಿನ ಹರಕೆಗಳು.

ನಾವಿಲ್ಲಿ ಕ್ಷೇಮ. ಕ್ಷೇಮವೆಂದರೆ, ನಿನ್ನ ಜಲಜತ್ತೆ ನನ್ನನ್ನು ಬೈಯುವಷ್ಟು ಗಟ್ಟಿಯಾಗಿದ್ದಾಳೆ, ನಾನು ಬೈಸಿಕೊಳ್ಳುವಷ್ಟು ಗಟ್ಟಿಯಾಗಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾಯಿತೆಂದು ಬೇಸರಿಸಬೇಡ. ಶಾಲೆಗೆ ರಜೆ, ಕೆಲಸವಿತ್ತು ಎಂದು ಸುಳ್ಳು ಹೇಳುವ ಸೌಕರ್ಯವೂ ಕನ್ನಡ ಪಂಡಿತನಿಗೆ ಇಲ್ಲ. ಕುಂದಾಪುರಕ್ಕೆ ಹೋಗಿ ನಿನ್ನ ಅಪ್ಪಯ್ಯನ ಎದುರು ಕೂತು ಮಾತಾಡದೆ ಏನು ಬರೆದರೂ ಅದು ಶಾಯಿಗೆ ದಂಡ ಎಂದು ಕಾದೆ. ಈಗ ಹೋಗಿ ಬಂದಿದ್ದೇನೆ. ಶಾಯಿಗೆ ದಂಡವೇ ಆಯಿತು, ಆದರೂ ಬರೆಯುತ್ತೇನೆ.

ಇಲ್ಲಿ ಸೆಕೆ ವಿಪರೀತ. ಸೀಮೆಎಣ್ಣೆಗೆ ಸಾಲು, ಸಕ್ಕರೆಗೆ ಸಾಲು. ಸಾಲಿಗ್ರಾಮದಲ್ಲಿ ಯಕ್ಷಗಾನ ಮೇಳದ ಕಡೆಯ ಆಟ ಮುಗಿದು ಗೆಜ್ಜೆ ಬಿಚ್ಚಿದರು. ಇನ್ನು ಮಳೆಯೊಂದೇ ಕುಣಿಯಬೇಕು.

ನೀನು ಕೇಳಿದ್ದು ಒಂದೇ ಮಾತು. ಮಳೆಗಾಲಕ್ಕೆ ಹಡಗು ನಿಲ್ಲುವ ಮೊದಲು ಬೊಂಬಾಯಿ ಬಿಟ್ಟು ಚೊಚ್ಚಲ ಹೆರಿಗೆಗೆ ಬಂದರೆ, ಅಮ್ಮನ ಮನೆಯಲ್ಲಿ ಬಚ್ಚಲ ಪಕ್ಕದ ಕೋಣೆ ಸಿಗುತ್ತದೋ ಇಲ್ಲವೋ? ಹೌದು ಅಥವಾ ಇಲ್ಲ ಎನ್ನಬಹುದಾದ ಈ ಪ್ರಶ್ನೆಗೆ ನಿನ್ನ ಅಪ್ಪಯ್ಯ ‘ಉಪ್ಪರಿಗೆಯಲ್ಲಿ ಒಳ್ಳೆಯ ಗಾಳಿ ಬರುತ್ತದೆ’ ಎಂದು ಉತ್ತರ ಬರೆದರಂತೆ. ಬಿ.ಎ. ಮಾಡಿದ್ದು ಸಾರ್ಥಕ.

ಆ ಕೋಣೆಯ ಮಹಿಮೆಯನ್ನು ನಿನಗೆ ನಾನು ಹೇಳಬೇಕಾಗಿಲ್ಲ. ನನ್ನನ್ನೂ ನಿನ್ನ ಅಮ್ಮನನ್ನೂ ಅಜ್ಜಿ ಹೆತ್ತದ್ದು ಅಲ್ಲಿ. ನಿನ್ನನ್ನು ಸುಂದರಿ ಹೆತ್ತದ್ದೂ ಅಲ್ಲಿ. ಗೋಡೆಯ ಆಚೆಗೆ ಬಚ್ಚಲೊಲೆ. ಆಷಾಢದಲ್ಲಿ ಮನೆಯ ಉಪ್ಪೆಲ್ಲ ಭರಣಿಯಲ್ಲೇ ನೀರಾಗುವಾಗಲೂ ಆ ಗೋಡೆ ಮಾತ್ರ ಕಾವು ಕೂತ ಕೋಳಿಯ ಹೊಟ್ಟೆಯ ಹಾಗೆ ಬೆಚ್ಚಗೆ. ಈಗ ಆ ಬೆಚ್ಚಗಿನಲ್ಲಿ ಮಲಗಿರುವವರು ಇಂಗ್ಲಿಷಿನವರು. ಇನ್ನೂರು ವರ್ಷದ ಹಿಂದಿನ ಪ್ರಬಂಧಗಳು, ಚರ್ಮದ ರಟ್ಟು, ಬೆನ್ನಿಗೆ ಬಂಗಾರದ ಅಕ್ಷರ, ಗೋಡೆಯ ಬುಡದಿಂದ ತೊಲೆಯ ತನಕ.

ಪ್ರಬಂಧವೆಂದರೆ ಏನೆಂದು ತಿಳಿದೆ? ಲಂಡನ್ನಿನ ಕಾಫಿ ಅಂಗಡಿಯಲ್ಲಿ ಯಾರೋ ಕೂತು ಟೊಪ್ಪಿಯ ಅಗಲ, ಹೆಂಗಸರ ಬೀಸಣಿಗೆ, ಮಧ್ಯಾಹ್ನದ ನಿದ್ದೆ, ನೆರೆಮನೆಯವನ ಜಂಬ, ಇಂಥವುಗಳ ಬಗ್ಗೆ ಹೊಡೆದ ಹರಟೆ. ಕುಂದಾಪುರದ ಬಸ್ ನಿಲ್ದಾಣದ ಕಾಫಿ ಹೋಟೆಲಿನಲ್ಲಿ ದಿನಾ ಬೆಳಿಗ್ಗೆ ಇದಕ್ಕಿಂತ ಒಳ್ಳೆಯದು ಹುಟ್ಟಿ ಹತ್ತು ಗಂಟೆಗೆ ಸಾಯುತ್ತದೆ. ಅದಕ್ಕೆ ಚರ್ಮ ಹೊದೆಸುವವರಿಲ್ಲ, ಅಷ್ಟೇ ವ್ಯತ್ಯಾಸ. ಕಳೆದ ವರ್ಷ ದೊರೆಗಳು ಗಂಟುಮೂಟೆ ಕಟ್ಟಿದರಲ್ಲ, ಊಟಿ, ಮದರಾಸು, ಮಂಗಳೂರು, ಎಲ್ಲೆಲ್ಲಿ ಬಂಗಲೆ ಖಾಲಿಯಾಯಿತೋ ಅಲ್ಲಿಂದೆಲ್ಲ ನಮ್ಮ ಮನೆಗೆ ಪೆಟ್ಟಿಗೆ ಬಂತು. ಊರಿಗೆಲ್ಲ ಸ್ವರಾಜ್ಯ, ನಮ್ಮ ಮನೆಗೆ ಅವರ ತ್ಯಾಜ್ಯ.

ನಾನು ಹೋದದ್ದು ಗುರುವಾರ. ಮಾಬುಕಳದಲ್ಲಿ ಹೊಳೆ ದಾಟಿ, ಬಸ್ಸಿನಲ್ಲಿ ಒಂದು ಬುಟ್ಟಿ ಒಣಮೀನಿನ ಪಕ್ಕ ಕೂತು, ಆ ವಾಸನೆಯ ಸಮೇತ ಮನೆಯ ಅಂಗಳ ಹತ್ತಿದೆ. ಕೆಲಸದ ಸೀತು ಕೆಂಡದ ಮಡಕೆ ಹಿಡಿದು ಕೋಣೆಯಿಂದ ಹೊರಗೆ ಬರುತ್ತಿದ್ದಳು. ಲೋಬಾನದ ಹೊಗೆ. ಆ ಮನೆಯಲ್ಲಿ ನೀನು ಹುಟ್ಟಿದಾಗ ಇವಳೇ ಹಾಕಿದ ಹೊಗೆ.

“ಎಂತದೇ ಸೀತು, ಯಾರಿಗೆ?” ಎಂದೆ.

“ಹ್ವಾಯ್ ಅಯ್ಯಾ, ಬಾಣ್ತಿಗೆ ಹೊಗಿ ಹಾಕಿ ಗೊತ್ತಿತ್ತ್, ಕೂಸಿಗೆ ಹಾಕಿ ಗೊತ್ತಿತ್ತ್. ಪುಸ್ತ್ಕಕ್ಕೆ ಹೊಗಿ ಹಾಕೂದ್ ಈ ಮನಿಯಂಗೇ ಕಂಡದ್ದ್. ಅದೆಂತ ಹೆತ್ತದ್ದಾ?”

ಒಳಗೆ ಭಾವ, ಅಂದರೆ ನಿನ್ನ ಅಪ್ಪಯ್ಯ. ಮೊಣಕಾಲ ಮೇಲೆ ಫ್ಲಾನೆಲ್ ಬಟ್ಟೆ, ಅದರ ಮೇಲೆ ಒಂದು ಪುಸ್ತಕ. ಎಣ್ಣೆ ಹಚ್ಚಿದ ಶಿಶುವನ್ನು ಒರೆಸುವ ಹಾಗೆ ಒರೆಸುತ್ತಿದ್ದರು. ನನ್ನನ್ನು ಕಂಡು ಸಂತೋಷವಾಯಿತು. ನಾನು ಪುಸ್ತಕಕ್ಕೆ ಕೈ ಚಾಚಿದ್ದು ಕಂಡು ಗಾಬರಿಯಾಯಿತು.

“ಮುಟ್ಬೇಡ ಭಾವ, ಮುಟ್ಬೇಡ! ಕೈ ತೊಳ್ಕಂಡ್, ಒರ್ಸ್ಕಂಡ್, ಒಣಗ್ಸ್ಕಂಡ್ ಬಾ.”

ದೇವರ ಕೋಣೆಗೆ ಕಾಲು ತೊಳೆದರೆ ಸಾಕಾಗುತ್ತದೆ. ಇಲ್ಲಿ ಮೂರು ಬಗೆಯ ಮಡಿ. ಮಡಿಯಾಗಿ ಬಂದ ಮೇಲೆ ಒಂದು ಪುಸ್ತಕ ಕೈಗೆ ಸಿಕ್ಕಿತು. ತೆರೆದೆ. ನಾಲ್ಕು ಪುಟವಾದ ಮೇಲೆ ಹಾಳೆಯ ಅಂಚು ಅಂಟಿಕೊಂಡೇ ಇದೆ. ಅಚ್ಚಿನಿಂದ ಬಂದಮೇಲೆ ಯಾರೂ ಕೊಯ್ದೇ ಇಲ್ಲ.

“ಚೂರಿ ಕೊಡಿ, ಕೊಯ್ತೆ,” ಎಂದೆ.

“ಅಯ್ಯಯ್ಯೋ! ಕೊಯ್ದ್ರೆ ಮುಗಿತ್! ಇನ್ನೂರ್ ವರ್ಷ ಯಾರೂ ಕೊಯ್ಲಿಲ್ಲ, ಅದೇ ಅದ್ರ ಹೆಚ್ಚುಗಾರ್ಕಿ.”

“ಹಾಂಗಾರೆ ಓದೂದ್ ಹ್ಯಾಂಗೆ?”

“ಓದುಕೆ ಬೇರೆ ಇತ್ತಲೆ, ಆರಾಣಿ ಪ್ರತಿ.”

ಓದಲು ಆರಾಣೆಯದು, ಒರೆಸಲು ಆರು ಪೀಳಿಗೆಯದು. ಆಮೇಲೆ ಇನ್ನೊಂದನ್ನು ತೆಗೆದು, ಒಂದು ಪುಟ ಬಿಚ್ಚಿ, ಬೆರಳಿಟ್ಟು ತೋರಿಸಿದರು. ಪುಟದ ಸಂಖ್ಯೆ ಹಿಂದುಮುಂದಾಗಿ ಬಿದ್ದಿದೆ. ಎರಡನೆಯ ಮುದ್ರಣದಲ್ಲಿ ಯಾರೋ ಪಾಪಿ ತಿದ್ದಿಬಿಟ್ಟನಂತೆ. ಹಾಗಾಗಿ ತಪ್ಪಿರುವುದೇ ಅಸಲು, ಸರಿಯಿರುವುದಕ್ಕೆ ಮರ್ಯಾದೆಯಿಲ್ಲ. ನನ್ನ ಐದನೆಯ ಫಾರಮಿನ ಹುಡುಗರ ಕೈಯಲ್ಲಿ ಇಂಥ ಅಪೂರ್ವ ಪ್ರತಿಗಳು ದಿನವೂ ಹುಟ್ಟುತ್ತವೆ. ನಾನೇ ಅರಿಯದೆ ಬೆತ್ತದಲ್ಲಿ ಹೊಡೆಯುತ್ತಿದ್ದೆ. ಮದರಾಸಿನಲ್ಲಿ ಓದಿ ಬಂದ ಮೇಲೆ ನಿನ್ನ ಅಪ್ಪಯ್ಯ ಬದುಕಿನಲ್ಲಿ ಮಾಡಿದ್ದು ಇದಿಷ್ಟೇ: ತಮ್ಮ ತಾಯಿಮನೆ ಬೈಂದೂರಿನ ಗೇಣಿ ಬರುತ್ತದೆ, ಇಂಗ್ಲಿಷರ ಧೂಳು ಒರೆಸುತ್ತಾರೆ. ಗೇಣಿಗೆ ಗದ್ದೆ, ಜಾಣರಿಗೆ ನಿದ್ದೆ.

ನಾನು ವಿಷಯಕ್ಕೆ ಬಂದೆ.

“ಸರಸ ಬತ್ತ್, ಗೊತ್ತಿತ್ತಲೆ? ಅದ್ಕೆ ಈ ಕೋಣಿ ಬೇಕ್.”

“ಉಪ್ಪರಿಗಿ ಇತ್ತಲೆ. ಗಾಳಿ ಲಾಯ್ಕಿತ್ತ್.”

“ಹಸಿ ಬಾಣ್ತಿಗೆ ಗಾಳಿಯಾ? ಉಪ್ಪರಿಗಿ ಹೆಂಚ್ ಸೋರ್ತತ್ತ್. ಪುಸ್ತ್ಕವೇ ಉಪ್ಪರಿಗಿಗೆ ಹೋಯ್ಲಿ.”

ಭಾವನಿಗೆ ನಿಜವಾಗಿ ನೋವಾಯಿತು. “ಶೀತ ಆತ್ತ್ ಭಾವ.”

“ಯಾರಿಗೆ?”

“ಪುಸ್ತ್ಕಕ್ಕೆ.”

ಸರಸ, ನಾನು ವಿದ್ವಾನ್ ಪರೀಕ್ಷೆ ಮಾಡಿದವನು. ಹಾಸ್ಯರಸಕ್ಕೆ ಲಕ್ಷಣ ಗೊತ್ತು, ಬೀಭತ್ಸಕ್ಕೂ ಗೊತ್ತು. ಇದು ಯಾವುದರಲ್ಲಿ ಸೇರುತ್ತದೆಂದು ಈಗಲೂ ಗೊತ್ತಾಗಿಲ್ಲ. ನಾನು ಧ್ವನಿ ಏರಿಸಿದೆ. ಅಳಿಯಕಟ್ಟಿನ ಮನೆ ಇದು. ಅಜ್ಜಿಯಿಂದ ನಿನ್ನ ಅಮ್ಮನಿಗೆ, ಅಮ್ಮನಿಂದ ನಿನಗೆ ಬರುವಂಥದ್ದು. ಗಂಡನಾಗಿ ಬಂದವರು ಉಂಡುಟ್ಟು ಇರಬಹುದು, ಮನೆಮಗಳಿಗೆ ಕೋಣೆ ಇಲ್ಲವೆನ್ನಲು ಅಧಿಕಾರವಿಲ್ಲ. ಸೋದರಮಾವನಾಗಿ ಈ ಮನೆಯ ಯಜಮಾನಿಕೆ ನನ್ನದು. “ನಾಳಿಕ್ ಬೆಳಿಗ್ಗೆ ಪೆಟ್ಟಿಗಿ ಎಲ್ಲ ಅಂಗಳಕ್ಕ್ ಹಾಕ್ಸ್ತೆ,” ಎಂದೆ. ಭಾವ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡರು. ಬಾಗಿಲಲ್ಲಿ ನಿಂತಿದ್ದ ಸುಂದರಿ ಒಳಗೆ ಹೋದಳು.

ಆಮೇಲಿನದನ್ನು ಬರೆದು ಪ್ರಯೋಜನವಿಲ್ಲ. ಕೋಣೆ ಖಾಲಿಯಾಗುವುದಿಲ್ಲ. ಅಷ್ಟು ತಿಳಿದುಕೊಂಡರೆ ಸಾಕು.

ಆದ್ದರಿಂದ ನೀನು ನೇರ ನಮ್ಮಲ್ಲಿಗೆ ಬಾ. ಹಡಗಿನಲ್ಲಿ ಮಲ್ಪೆಗೆ ಬಂದಿಳಿ, ಗಾಡಿ ತೆಗೆದುಕೊಂಡು ನಾನೇ ಬಂದು ನಿಂತಿರುತ್ತೇನೆ. ಚೊಚ್ಚಲು ತಾಯಿಮನೆಯಲ್ಲಿ ಆಗಬೇಕು, ಮಾವನ ಬಾಡಿಗೆ ಮನೆಯಲ್ಲಿ ಎಂಥದು ಎಂದು ಊರವರು ಆಡುತ್ತಾರೆ. ಆಡಲಿ, ಆಡಿದವರ ಬಾಯಿ ನೋಯುತ್ತದೆ, ನಮ್ಮ ಕಿವಿಯಲ್ಲ. ಅಡಿಗೆಮನೆಯ ಪಕ್ಕದ ಕೋಣೆಗೆ ಹೆಂಚು ಬದಲಿಸಿದ್ದಾಯಿತು. ಅಲ್ಲಿದ್ದ ನನ್ನ ಕನ್ನಡ ಪುಸ್ತಕಗಳನ್ನು ಅಟ್ಟಕ್ಕೆ ಏರಿಸಿದ್ದೇನೆ. ಅವು ಬಡವರ ಮಕ್ಕಳು, ಶೀತ ತಡೆದುಕೊಳ್ಳುತ್ತವೆ. ಜಲಜ ಈಗಲೇ ಓಮ, ಮೆಣಸು, ಓಲೆಬೆಲ್ಲ ತಂದು ಕಟ್ಟಿಟ್ಟಿದ್ದಾಳೆ, ನಾನು ಒಂದು ಚೂರು ಬೆಲ್ಲ ಬಾಯಿಗೆ ಹಾಕಿದ್ದಕ್ಕೆ, “ನೀವ್ ಹೆರೂದಾ?” ಎಂದು ಕೇಳಿದಳು. ನಮ್ಮದು ಮಕ್ಕಳಿಲ್ಲದ ಮನೆ. ಒಂದು ಮಳೆಗಾಲವಾದರೂ ಇಲ್ಲಿ ಕೂಸು ಅತ್ತರೆ, ಗೋಡೆಗಳಿಗೂ ತಾವು ಯಾಕೆ ನಿಂತಿದ್ದೇವೆಂದು ತಿಳಿದೀತು.

ನಿನ್ನ ಅಮ್ಮ ಆಗಾಗ ಬಂದುಹೋಗುತ್ತೇನೆ ಎಂದಿದ್ದಾಳೆ. ಬೆಳಿಗ್ಗೆ ಬಂದು ಸಂಜೆ ಹೋಗುವುದು. ಇಲ್ಲಿ ಉಳಿಯುವುದು ಆಗುವುದಿಲ್ಲವಂತೆ.

ದಾರಿಯಲ್ಲಿ ಹುಳಿ ಬೇಕೆನಿಸಿದರೆ ಹಡಗಿನವರ ಉಪ್ಪಿನಕಾಯಿ ಮುಟ್ಟಬೇಡ. ನಿನ್ನ ಯಜಮಾನರಿಗೆ ನನ್ನ ನೆನಪು ಹೇಳು. ಹೊತ್ತ ಭಾರ ಹೂವಿನ ಹಾಗೆ ಇಳಿಯಲಿ. ಬರುವ ಕೂಸು ಕನ್ನಡದಲ್ಲೇ ಅತ್ತು, ಕನ್ನಡದಲ್ಲೇ ಹಟ ಮಾಡಿ, ಬೇಕಾದಷ್ಟು ಮಳೆಗಾಲ ಕಾಣಲಿ.

ನಿನ್ನ ಪ್ರೀತಿಯ ಮಾವ,
ಚಂದಯ್ಯ

ತಾ. ಕ.: ಇದನ್ನು ಮಡಿಸುವ ಮೊದಲು ನಿನ್ನ ಕಾಗದವನ್ನು ಮತ್ತೊಮ್ಮೆ ಓದಿದೆ. ‘ಅಪ್ಪಯ್ಯನಿಗೆ ಮಗಳಿಗಿಂತ ಆ ರದ್ದಿ ಹೆಚ್ಚಾದರೆ ಇನ್ನು ನಾನು ಅವರ ಮುಖ ನೋಡುವುದಿಲ್ಲ’ ಎಂದು ಬರೆದಿದ್ದೀ. ನಾನು ಮೇಲೆ ಬರೆದದ್ದೆಲ್ಲ ಆ ಬೆಂಕಿಗೆ ಎಣ್ಣೆ. ಉಳಿದದ್ದನ್ನು ನಿನಗೆ ಹೇಳಬೇಡ ಎಂದು ನಿನ್ನ ಅಮ್ಮ ಹೇಳಿದ್ದಳು. ಆದರೆ ನೀನು ತಪ್ಪು ಮನುಷ್ಯನ ಮೇಲೆ ಮುನಿಸಿಕೊಂಡು ಹೆರಿಗೆಗೆ ಕೂರುವುದು ನನಗೆ ಸರಿಕಾಣುವುದಿಲ್ಲ.

ಅವತ್ತು ಸಂಜೆಯೇ ನಿನ್ನ ಅಪ್ಪಯ್ಯ ಒಪ್ಪಿದ್ದರು. ತಾವಾಗಿ ಜಗಲಿಗೆ ಬಂದು ನನ್ನ ಪಕ್ಕ ಕೂತರು. “ಆಯ್ತ್ ಭಾವ. ಮಗಳ್ ಬಪ್ಪು ಹೊತ್ತಿಗೆ ಕೋಣಿ ಇಲ್ಲೆ ಅಂಬುಕ್ ಆತ್ತಾ? ಬೈಂದೂರಂಗೆ ಅಕ್ಕ ಹೊಸ ಕೋಣಿ ಕಟ್ಸಿತ್ತ್, ಸಿಮೆಂಟ್ ನೆಲ, ಶೀತ ಇಲ್ಲೆ ಅಂಬ್ರ್. ಪೆಟ್ಟಿಗಿ ಎಲ್ಲ ಅಲ್ಲಿಗ್ ಸಾಗ್ಸ್ತೆ. ನೋಡ್ಕಂಬುಕೆ ಜನ ಬೇಕಲೆ, ನಾನೂ ಅಲ್ಲೇ ಇರ್ತೆ,” ಎಂದರು. ಗೆದ್ದೆನೆಂದು ಹಿಗ್ಗಿ ಒಳಗೆ ಹೋಗಿ ಸುಂದರಿಗೆ ಹೇಳಿದೆ. ಅಕ್ಕಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು.

“ಬ್ಯಾಡ ಅಣ್ಣಯ್ಯ.”

“ಎಂತಕ್ಕೆ ಬ್ಯಾಡ?”

“ಮದ್ವಿ ಆದಲ್ಲಿಂದ ಅವ್ರ್ ಶನಿವಾರ ಬಂದ್ ಸೋಮವಾರ ಹೋಪ ನೆಂಟ್ರ್. ಸರಸ ನಡುಕ್ ಕಲ್ತದ್ದ್ ಅವ್ರ್ ಕಾಣ್ಲಿಲ್ಲ. ಬೈಂದೂರ ಉಪ್ಪ್‌ಗಾಳಿಗೆ ಪುಸ್ತ್ಕ ಹಾಳಾತ್ತ್ ಅಂದೇಳಿ ಇಲ್ಲಿಗ್ ತಂದ್ರ್. ಪುಸ್ತ್ಕದ ಹಿಂದೆ ಮನ್ಷ್ರೂ ಬಂದ್ ನಿಂತ್ರ್. ಈಗ ಪೆಟ್ಟಿಗಿ ಹೊಳಿ ದಾಟ್ರೆ ಅವ್ರೂ ದಾಟ್ತ್ರ್. ತಿರ್ಗಿ ಬಪ್ಪುಕೆ ಅವ್ರಿಗ್ ಇಲ್ಲಿ ಎಂತ ಇತ್ತ್?”

“ನೀ ಇಲ್ಯಾ?”

ಅದಕ್ಕೆ ಅವಳು ನಕ್ಕಳು. ನನ್ನ ತಂಗಿ ಹಾಗೆ ನಗುವುದನ್ನು ನಾನು ಕಂಡಿದ್ದಿಲ್ಲ.

“ಮತ್ತೆ ಮಗಳ್?” ಎಂದೆ.

“ಅದ್ಕೆ ನೀ ಇದ್ದೆ, ಜಲಜಕ್ಕ ಇತ್ತ್, ಕಟ್ಕಂಡ ಗಂಡ ಇದ್ದ. ಇವ್ರ್ ದಿನಾ ರಾತ್ರಿ ಉಂಬುಕೆ ನನ್ನೆದ್ರ್ ಕೂಕಂತ್ರಲೆ ಅಣ್ಣಯ್ಯ, ನಂಗ್ ಅದಷ್ಟೇ ಇಪ್ಪುದ್.”

ನಾನು ಹೊರಗೆ ಬಂದು ಭಾವನಿಗೆ ಹೇಳಿದೆ: ಮಳೆ ಹತ್ತಿರ ಬಂತು, ದೋಣಿಯಲ್ಲಿ ಪೆಟ್ಟಿಗೆಗೆ ನೀರು ತಾಗಿದರೆ ಕಷ್ಟ, ಪುಸ್ತಕ ಇಲ್ಲೇ ಇರಲಿ, ಸರಸ ನನ್ನ ಮನೆಗೆ ಬರುತ್ತಾಳೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಇಷ್ಟು ವರ್ಷದಲ್ಲಿ ನನ್ನನ್ನು ಅಷ್ಟು ಗೌರವದಿಂದ ನೋಡಿದ್ದು ಅದೇ ಮೊದಲು.

“ಕಡಿಗೂ ನಿಂಗೆ ಇದ್ರ ಬೆಲಿ ಗೊತ್ತಾಯ್ತಲೆ ಭಾವ!”

“ಗೊತ್ತಾಯ್ತ್,” ಅಂದೆ.