ಬತ್ತೆ ಎಂಬ ಮಾತು

ಪುಣೆ, ಮಾರ್ಚ್ ೨೦೦೪

ಕೋಡಿಯಲ್ಲಿರುವ ಅಮ್ಮಮ್ಮನಿಗೆ ಧನ್ಯಾಳ ನಮಸ್ಕಾರ.

ಎಂಬಿಎ ಕಾಲೇಜಿನ ಇಂಟರ್‌ವ್ಯೂ ಮುಗಿಯಿತು. ಕೋಣೆ ನಮ್ಮೂರ ಐಸ್ ಪ್ಲಾಂಟಿಗಿಂತ ತಣ್ಣಗಿತ್ತು. ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟೆ. ಏಳುವಾಗ ಮಾತ್ರ, ನಮ್ಮ "ಬತ್ತೆ"ಯನ್ನೇ ಇಂಗ್ಲಿಷಿಗೆ ತಿರುಗಿಸಿ, "ಐ ವಿಲ್ ಕಮ್ ಸಾರ್" ಎಂದುಬಿಟ್ಟೆ. "ಅದನ್ನು ತೀರ್ಮಾನಿಸುವವರು ನಾವಲ್ಲವೇ!" ಎಂದು ಪ್ರೊಫೆಸರು ನಕ್ಕರು. ಉಳಿದವರೂ ನಕ್ಕರು. ಸೀಟು ಸಿಗುವ ಹಾಗೆ ಕಾಣುವುದಿಲ್ಲ.

ಬರೀ ಚಪಾತಿ ತಿಂದು ಹೊಟ್ಟೆ ಸ್ವಲ್ಪ ಕೆಟ್ಟಿದೆ, ಹೆದರಬೇಡ.

ಸೀಟಿಗಿಂತ ಬೇರೊಂದು ಚುಚ್ಚುತ್ತಿದೆ. ಹೊರಡುವ ದಿನ ಬಸ್ಸಿನ ಗಡಿಬಿಡಿಯಲ್ಲಿ ನಿನಗೆ "ಹೋತೆ" ಎಂದೆ. "ಹೋತೆ ಅಂಬುಕಾಗ ಮಗಾ, ಬತ್ತೆ ಅನ್" ಎಂದು ನೀನು ರಸ್ತೆಯವರೆಗೂ ಕೂಗಿಕೊಂಡು ಬಂದೆ. ನಾನು ತಿರುಗಲಿಲ್ಲ. ಆ ಮಾತು ನಿನಗೆ ಹೇಳಬೇಕಿತ್ತು.

ಬತ್ತೆ ಅಮ್ಮಮ್ಮ,
ಧನ್ಯಾ